ಬೆಟ್ಟಕ್ಕೆ ಬೆಲ್ಲದ ಕಾಫಿಯೇ ಸರಿ

ಬೆನ್ನಿಗೆ ಚೀಲ ಏರಿಸಿ ನಾಲ್ಕೈದು ದಿನ ಚಾರಣಕ್ಕೆ ಹೊರಡುವವರು ಕಾಫಿಯ ವಿಷಯದಲ್ಲಿ ಮಾತ್ರ ಏಕೆ ಇಷ್ಟು ಬೇಗ ಸೋಲೊಪ್ಪಿಕೊಳ್ಳುತ್ತಾರೋ ನನಗೆ ಅರ್ಥವಾಗಿಲ್ಲ. ಬೂಟು, ಮಳೆ ಅಂಗಿ, ಉಣ್ಣೆಯ ಟೋಪಿ ಎಲ್ಲವನ್ನೂ ಹತ್ತು ಅಂಗಡಿ ಸುತ್ತಿ ಆರಿಸುತ್ತಾರೆ. ಕೊನೆಗೆ ಕಾಫಿಗೆಂದು ಬಸ್ ನಿಲ್ದಾಣದ ಪೆಟ್ಟಿಗೆ ಅಂಗಡಿಯಲ್ಲಿ ಇನ್‌ಸ್ಟಂಟ್ ಪೊಟ್ಟಣಗಳ ಒಂದು ಸರ ಹರಿದುಕೊಂಡು ಚೀಲದ ಮೂಲೆಗೆ ತುರುಕುತ್ತಾರೆ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂದು ಹೇಳಿಕೊಳ್ಳುವ ನಾಡಿನವರು ನಾವು. ಅದೇ ಬೆಟ್ಟದ ನೆತ್ತಿಯಲ್ಲಿ ಕುಳಿತು ಪೊಟ್ಟಣದ ಪುಡಿ ಕಲಸಿ ಕುಡಿಯುವುದನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ನಮ್ಮನ್ನು ಕಟ್ಟಿಹಾಕುವುದು ಹಾಲು. ಹಾಲಿಲ್ಲದೆ ಕಾಫಿಯೇ ಇಲ್ಲ ಎಂದುಕೊಂಡಿದ್ದರಿಂದ ಹಾಲಿನ ಪುಡಿ ಬಂತು, ಅದರ ಹಿಂದೆ ಗಂಟು ಬಂತು, ಗಂಟು ಒಡೆಯುವಷ್ಟರಲ್ಲಿ ಲೋಟ ತಣ್ಣಗಾಯಿತು. ಮಲೆನಾಡಿನ ಮನೆಗಳಲ್ಲಿ, ಕೊಡಗಿನಲ್ಲಿ ಇದಕ್ಕೆ ಉತ್ತರ ಎಂದೋ ಸಿಕ್ಕಿದೆ: ಬೆಲ್ಲದ ಕಾಫಿ. ಕೆಡುವ ಹಾಲು ಬೇಡ, ಚೆಲ್ಲುವ ಸಕ್ಕರೆ ಬೇಡ, ಫಿಲ್ಟರಿನ ಭಾರವೂ ಬೇಡ. ಒಂದು ಪಾತ್ರೆ, ಒಂದು ತುಂಡು ತೆಳು ಹತ್ತಿ ಬಟ್ಟೆ ಇದ್ದರೆ ಆಯಿತು.

ಮಾಡುವ ಬಗೆ ಹೀಗೆ. ಇಬ್ಬರಿಗೆ ನಾನೂರು ಮಿಲಿಲೀಟರ್ ನೀರು, ನಿಂಬೆಹಣ್ಣಿನ ಗಾತ್ರದ ಬೆಲ್ಲ. ಬೆಲ್ಲ ಪೂರ್ತಿ ಕರಗಿ ನೀರು ಮರಳಿದ ಮೇಲೆ ಒಲೆ ಆರಿಸಿ. ಆಮೇಲೆಯೇ ಪುಡಿ ಹಾಕಬೇಕು, ಇಪ್ಪತ್ತೈದು ಗ್ರಾಂ, ಅಂದರೆ ಸುಮಾರು ನಾಲ್ಕು ದೊಡ್ಡ ಚಮಚ. ಪುಡಿ ಹಾಕಿ ಕುದಿಸಿದಿರೋ, ಕಹಿ ನಾಲಗೆಗೆ ಅಂಟಿಕೊಳ್ಳುತ್ತದೆ. ಒಮ್ಮೆ ಕದಡಿ ಮುಚ್ಚಳ ಮುಚ್ಚಿ ನಾಲ್ಕು ನಿಮಿಷ ಬಿಡಿ. ತೆರೆದಾಗ ಮೇಲೆ ಕಂದು ನೊರೆಯ ಕೆನೆ ಕಟ್ಟಿರುತ್ತದೆ. ಅದರ ಮೇಲೆ ಒಂದು ಚಮಚ ತಣ್ಣೀರು ಚಿಮುಕಿಸಿದರೆ ತೇಲುತ್ತಿದ್ದ ಪುಡಿ ಮೆಲ್ಲಗೆ ತಳಕ್ಕಿಳಿಯುತ್ತದೆ. ಬಟ್ಟೆಯಲ್ಲಿ ಸೋಸಿ ಬಿಸಿಬಿಸಿಯಾಗಿ ಕುಡಿಯಿರಿ. ಪುಡಿಯನ್ನು ತುಸು ತರಿಯಾಗಿ ಬೀಸಿಕೊಡುವಂತೆ ಅಂಗಡಿಯಲ್ಲಿ ಕೇಳಿ, ಸೋಸುವುದು ಸುಲಭವಾಗುತ್ತದೆ. ಚಿಕೋರಿ ಬೆರೆಸದ್ದೇ ಇರಲಿ. ಹಾಲಿಲ್ಲದ ಕಾಫಿಯಲ್ಲಿ ಚಿಕೋರಿಯ ರುಚಿ ಮುಂದೆ ಬಂದು ನಿಲ್ಲುತ್ತದೆ.

ಹಿಮಾಚಲದ ಹಂಪ್ತಾ ಪಾಸ್ ಹಾದಿಯಲ್ಲಿ, ಮೂರೂವರೆ ಸಾವಿರ ಮೀಟರಿಗಿಂತ ಎತ್ತರದ ಒಂದು ಬಿಡಾರದಲ್ಲಿ ಅಣ್ಣನ ಮಗಳಿಗೆ ಇದನ್ನೇ ಮಾಡಿಕೊಟ್ಟೆ. ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು ಒಂದು ಗುಟುಕು ಕುಡಿದವಳು, 'ಚಿಕ್ಕಪ್ಪಾ, ಇದು ಕೊಪ್ಪದ ಮನೆಯ ಕಾಫಿಯೇ' ಎಂದಳು. ನಾನು ಆ ಮಾತಿಗಾಗಿಯೇ ಬೆಲ್ಲ ಹೊತ್ತು ತಂದಿದ್ದೆ.

ಅಲ್ಲಿ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಸುಮಾರು ಮುನ್ನೂರು ಮೀಟರ್ ಏರಿದಂತೆಲ್ಲ ನೀರು ಕುದಿಯುವ ಉಷ್ಣತೆ ಒಂದು ಡಿಗ್ರಿ ಇಳಿಯುತ್ತದೆ. ನಮ್ಮ ಕುದುರೆಮುಖದ ತುದಿಯಲ್ಲಿ ನೀರು 94 ಡಿಗ್ರಿಯ ಹೊತ್ತಿಗೆ ಕುದಿಯುತ್ತದೆ, ಕಾಫಿಗೆ ಅದು ಹೇಳಿ ಮಾಡಿಸಿದ ಬಿಸಿ. ಆ ಹಿಮಾಲಯದ ಬಿಡಾರದಲ್ಲಿ 88ರ ಆಸುಪಾಸು. ಅಷ್ಟರಲ್ಲೂ ಕಾಫಿ ಇಳಿಯುತ್ತದೆ, ಇನ್ನೆರಡು ನಿಮಿಷ ಹೆಚ್ಚು ಬಿಡಬೇಕು ಅಷ್ಟೇ. ಚಹಾ ಮಾತ್ರ ಹಟ ಮಾಡುತ್ತದೆ. ಲೋಟದ ಬಿಸಿನೀರಿಗೆ ಟೀ ಬ್ಯಾಗ್ ಇಳಿಬಿಟ್ಟರೆ ಬಣ್ಣ ಬರುತ್ತದೆ, ಕಸುವು ಬರುವುದಿಲ್ಲ. ಎತ್ತರದಲ್ಲಿ ಚಹಾಕ್ಕೆ ನಮ್ಮ ಮನೆಗಳ ಪದ್ಧತಿಯೇ ಸರಿ: ಜಜ್ಜಿದ ಶುಂಠಿಯ ಜೊತೆ ಚಹಾಪುಡಿಯನ್ನು ಪಾತ್ರೆಯಲ್ಲೇ ನಾಲ್ಕೈದು ನಿಮಿಷ ಚೆನ್ನಾಗಿ ಕುದಿಸುವುದು. ಹಾಲಿನ ಪುಡಿ ಬೇಕೇ ಬೇಕೆಂದರೆ ಮೊದಲು ತಣ್ಣೀರಿನಲ್ಲಿ ಕಲಸಿಟ್ಟುಕೊಳ್ಳಿ.

'ನಾಲ್ಕು ದಿನ ಕಾಫಿ ಬಿಟ್ಟರೆ ಏನಾಗುತ್ತದೆ' ಎಂದು ಕೇಳುವವರಿದ್ದಾರೆ. ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಒಂದೇ ದಿನದೊಳಗೆ ತಲೆನೋವು ಶುರುವಾಗಬಹುದು. ಎತ್ತರದಲ್ಲಿ ಆಮ್ಲಜನಕ ಸಾಲದೆ ಬರುವ ಕಾಯಿಲೆಯ ಮೊದಲ ಲಕ್ಷಣವೂ ತಲೆನೋವೇ. ಯಾವುದು ಯಾವುದೆಂದು ತಿಳಿಯದೆ ಒದ್ದಾಡುವುದಕ್ಕಿಂತ ರೂಢಿಯ ಕಾಫಿ ಮುಂದುವರಿಸುವುದೇ ಲೇಸು. ಕುಡಿದ ಮೇಲೂ ತಲೆನೋವು ಹೋಗದಿದ್ದರೆ ಗೈಡ್‌ಗೆ ಹೇಳಿಬಿಡಿ, ಮುಚ್ಚಿಡಬೇಡಿ.

ಬೆಂಕಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮೂರು ಕಲ್ಲಿಟ್ಟು ಸೌದೆ ಹಚ್ಚಿ ಕಾಫಿ ಕಾಯಿಸುವ ಚಿತ್ರಕ್ಕೆ ಜಾಲತಾಣಗಳಲ್ಲಿ ಬೇಕಾದಷ್ಟು ಮೆಚ್ಚುಗೆ ಬೀಳುತ್ತದೆ. ನಮ್ಮ ಘಟ್ಟದಲ್ಲಿ ಅದು ತಪ್ಪು. ಜನವರಿಯಿಂದ ಮೇ ತನಕ ಹುಲ್ಲುಗಾವಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ನಾವು ನೋಡಿದ್ದೇವೆ. ರಾಜ್ಯದ ಕಾಡಿನೊಳಗೆ ಗ್ಯಾಸ್ ಒಲೆಯನ್ನೂ ನಾನು ಹಚ್ಚುವುದಿಲ್ಲ. ಹಿಮಾಲಯದಲ್ಲಿ ಅನುಮತಿ ಇರುವ ಬಿಡಾರದಲ್ಲಿ ಮಾತ್ರ ಒಲೆ, ಅದೂ ಗುಡಾರದ ಹೊರಗೆ. ಗುಡಾರದೊಳಗೆ ಹಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಸದ್ದಿಲ್ಲದೆ ಜೀವ ತೆಗೆಯುತ್ತದೆ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಮನಾಲಿಯಲ್ಲೇ ಕೊಳ್ಳಬೇಕು. ಡಬ್ಬಿಯೊಳಗಿನ ಬ್ಯೂಟೇನ್ ಅನಿಲ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗಲು ಒಲ್ಲೆ ಎನ್ನುತ್ತದೆ. ಆದ್ದರಿಂದ ಒಲೆಯಿಂದ ಬಿಚ್ಚಿದ ಡಬ್ಬಿಯನ್ನು ರಾತ್ರಿ ನನ್ನ ಸ್ಲೀಪಿಂಗ್ ಬ್ಯಾಗ್‌ನಲ್ಲಿ ಕಾಲ ಬಳಿ ಇಟ್ಟುಕೊಂಡು ಮಲಗುತ್ತೇನೆ.

ಘಟ್ಟಕ್ಕೆ ನನ್ನದು ಫ್ಲಾಸ್ಕು. ನಸುಕಿನಲ್ಲಿ ಬೆಲ್ಲದ ಕಾಫಿ ಮಾಡಿ, ಕುದಿವ ನೀರು ತುಂಬಿ ಐದು ನಿಮಿಷ ಬಿಸಿಮಾಡಿ ಚೆಲ್ಲಿದ ಫ್ಲಾಸ್ಕಿಗೆ ಸೋಸಿ ತುಂಬುತ್ತೇನೆ. ಹಾಲು ಇಲ್ಲದ್ದರಿಂದ ಮುಗ್ಗಲು ವಾಸನೆ ಹಿಡಿಯುವುದಿಲ್ಲ, ಮಧ್ಯಾಹ್ನದ ತನಕ ಗಂಟಲಿಗೆ ಹಿತವಾದ ಬಿಸಿ ಇರುತ್ತದೆ. ಹಿಮಾಲಯದಲ್ಲಿ ಸೋಸಿ ಉಳಿದ ಗಸಿಯನ್ನು ತೊರೆಯ ಬದಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಕೆಳಗೆ ತಂದೆ. ಇನ್‌ಸ್ಟಂಟ್ ಪೊಟ್ಟಣಗಳ ಹರಿದ ತುದಿಗಳನ್ನು ಆ ಹಾದಿಯುದ್ದಕ್ಕೂ ಹೆಕ್ಕಿದ್ದೇನೆ, ನೀರಿನ ಸೆಲೆಯ ಬಾಯಲ್ಲೂ ಒಂದು ಸಿಕ್ಕಿತ್ತು.

ಡಿಸೆಂಬರಿನಲ್ಲಿ ಮುಳ್ಳೋಡಿಯಿಂದ ಕುದುರೆಮುಖ ಹತ್ತುತ್ತಿದ್ದೇವೆ. ಈ ಸಲ ಅಣ್ಣನೂ ಬರುತ್ತಾನಂತೆ, ಲೀಟರಿನ ಫ್ಲಾಸ್ಕು ಸಾಲದು. ಆ ಹಾದಿಯ ಒಂಟಿಮರದ ಬಳಿ ಸಿಕ್ಕಿದರೆ ನಿಮ್ಮ ಲೋಟ ಚಾಚಿ.