ಗಲ್ಲಿನ ಖರ್ಚು ಕೊಡು ಅಂತ ಬಿಲ್ಲು ಬಂದ ಲೈಬ್ರರಿಯನ್

ಲೈಬ್ರರಿಯನ್ ಅಂದ್ರೆ ಯಾರ ತಂಟೆಗೂ ಹೋಗದ ಸಪ್ಪೆ ಮನುಷ್ಯ ಅಂದುಕೊಂಡವರು ಆಂಟೋನಿಯೊ ಪನಿಟ್ಸಿ ಬಗ್ಗೆ ಒಮ್ಮೆ ಓದಬೇಕು.

1797ರಲ್ಲಿ ಬ್ರೆಶೆಲ್ಲೊ ಎಂಬ ಸಣ್ಣ ಊರಲ್ಲಿ ಹುಟ್ಟಿದವನು, ಪಾರ್ಮಾದಲ್ಲಿ ಓದಿ ವಕೀಲನಾದ. ಆಗ ಇಟಲಿ ಅನ್ನೋ ಒಂದು ದೇಶವೇ ಇರಲಿಲ್ಲ. ಇವನ ಊರು ಮೊಡೆನಾ ಎಂಬ ಸಣ್ಣ ರಾಜ್ಯದ ಡ್ಯೂಕನ ಕೈಕೆಳಗಿತ್ತು. ತನ್ನ ಆಳ್ವಿಕೆಯ ವಿರುದ್ಧ ಗುಪ್ತ ಸಂಘಗಳಲ್ಲಿ ಇದ್ದವರನ್ನು ಡ್ಯೂಕ್ ಹಿಡಿಸಿ, ರುಬಿಯೆರಾ ಎಂಬ ಊರಲ್ಲಿ ವಿಚಾರಣೆ ನಡೆಸಿದ. ಆಂದ್ರೆಯೋಲಿ ಅನ್ನೋ ಪಾದ್ರಿಯನ್ನೂ ಬಿಡದೆ ಕೊಲ್ಲಿಸಿದ. ಅಂಥ ಸಂಘದಲ್ಲೇ ಇದ್ದ ಪನಿಟ್ಸಿ ಗಡಿ ದಾಟಿ ತಪ್ಪಿಸಿಕೊಂಡ. ತಪ್ಪಿಸಿಕೊಂಡವನು ಬಾಯಿ ಮುಚ್ಚಿಕೊಂಡು ಇರಲಿಲ್ಲ, ಆ ವಿಚಾರಣೆಗಳ ಬಣ್ಣ ಬಯಲು ಮಾಡುವ ಪುಸ್ತಕ ಬರೆದ. 1823ರಲ್ಲಿ ಅವನು ಎದುರಿಗಿಲ್ಲದೆಯೇ ಅವನಿಗೆ ಮರಣದಂಡನೆ ವಿಧಿಸಿದರು. ಅದಾದ ಮೇಲೆ ವಿಚಾರಣೆಗೂ ಗಲ್ಲಿಗೂ ತಗುಲಿದ ಖರ್ಚು 225 ಫ್ರಾಂಕ್ 25 ಸಾಂಟಿಮ್ ಕಟ್ಟು ಅಂತ ಬಿಲ್ಲು ಬೇರೆ! ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಇಟಾಲಿಯನ್ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದ ಇವನು, ಪರಲೋಕದಿಂದ ಬರೆದಂತೆ 'ದಿವಂಗತ ಪನಿಟ್ಸಿಯ ಆತ್ಮ' ಅಂತ ಸಹಿ ಹಾಕಿ ಉತ್ತರ ಕಳಿಸಿದ.

ಎಲ್ಲರೂ ಇಷ್ಟು ಹೇಳಿ ನಗಿಸಿ ಮುಗಿಸುತ್ತಾರೆ. ನನಗೆ ಕೇಳಿದರೆ ಅವನ ಅಸಲಿ ಬಂಡಾಯ ಇರೋದು ಲೈಬ್ರರಿಯ ಪುಸ್ತಕಗಳ ಪಟ್ಟಿಯಲ್ಲಿ, ಅಂದ್ರೆ ಕ್ಯಾಟಲಾಗಿನಲ್ಲಿ.

1831ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಲೈಬ್ರರಿಗೆ ಸೇರಿದ. 1837ರಲ್ಲಿ ಅಚ್ಚಾದ ಪುಸ್ತಕಗಳ ವಿಭಾಗಕ್ಕೆ ಮುಖ್ಯಸ್ಥನಾದಾಗ 'ಹೊರಗಿನವನಿಗೆ ಇಷ್ಟು ದೊಡ್ಡ ಹುದ್ದೆಯಾ' ಅಂತ ಗುಲ್ಲೆದ್ದಿತು. ಅದಕ್ಕೂ ಮುಂಚೆ, 1836ರಲ್ಲೇ ಪಾರ್ಲಿಮೆಂಟ್ ಸಮಿತಿಯ ಮುಂದೆ ಅವನು ಹೇಳಿದ್ದು ಏನು ಗೊತ್ತಾ? ದೇಶದ ಅತಿ ಶ್ರೀಮಂತನಿಗೆ ಏನೇನು ಓದಲು ಸಿಗುತ್ತದೋ ಅಷ್ಟೂ ಬಡ ವಿದ್ಯಾರ್ಥಿಗೂ ಸಿಗಬೇಕು, ಸರ್ಕಾರ ಅದಕ್ಕೆ ದುಡ್ಡು ಕೊಡಬೇಕು ಅಂತ. ಶ್ರೀಮಂತ ಮನೆಯಲ್ಲೇ ಲೈಬ್ರರಿ ಮಾಡ್ಕೋತಾನೆ, ಹುಡುಕಿ ಕೊಡೋಕೆ ಆಳೂ ಇಟ್ಕೋತಾನೆ. ಬಡವನಿಗೆ ಇರೋದು ಕ್ಯಾಟಲಾಗ್ ಒಂದೇ ಅಲ್ವಾ? ಅದರಲ್ಲಿ ಪುಸ್ತಕ ಸಿಗಲಿಲ್ಲ ಅಂದ್ರೆ, ಅದು ಕಪಾಟಿನಲ್ಲಿದ್ದೂ ಇಲ್ಲದ ಹಾಗೆ. ಹೆಸರಿಲ್ಲದೆ ಬರೆದವರು, ಬೇರೆ ಹೆಸರಲ್ಲಿ ಬರೆದವರು, ಒಂದೇ ಪುಸ್ತಕದ ಹತ್ತು ಮುದ್ರಣಗಳು, ಇದನ್ನೆಲ್ಲ ಹೇಗೆ ದಾಖಲಿಸಬೇಕು ಅಂತ 1841ರಲ್ಲಿ ಬಂದವು ಅವನ 91 ನಿಯಮಗಳು.

ದೊಡ್ಡವರಿಗೆ ಇದು ಅತಿಯಾಯ್ತು ಅನಿಸಿತು. ಜಾನ್ ಪೇಯ್ನ್ ಕಾಲಿಯರ್ ಎಂಬ ವಿದ್ವಾಂಸ, ಇಷ್ಟೆಲ್ಲ ನಿಯಮ ಯಾಕೆ, ನಾನೇ ಬೇಗ ಮಾಡಿ ತೋರಿಸ್ತೀನಿ ಅಂತ ತನ್ನ ಮನೆಯ 25 ಪುಸ್ತಕಗಳನ್ನು ಪಟ್ಟಿ ಮಾಡಿದ. ಪನಿಟ್ಸಿ ಅದನ್ನು ತನ್ನ ಸಹಾಯಕನ ಕೈಗೆ ಕೊಟ್ಟ. ಕ್ಯಾಟಲಾಗ್ ಮಾಡುವಾಗ ಯಾವ್ಯಾವ ತಪ್ಪು ಆಗಬಹುದೋ ಹೆಚ್ಚುಕಮ್ಮಿ ಅವೆಲ್ಲ ಆ 25ರಲ್ಲೇ ಸಿಕ್ಕವು! (ಇದೇ ಕಾಲಿಯರ್ ಮುಂದೆ ಷೇಕ್ಸ್‌ಪಿಯರ್ ದಾಖಲೆಗಳನ್ನು ನಕಲಿ ಮಾಡಿ ಸಿಕ್ಕಿಬಿದ್ದ, ಬಿಡಿ.)

ಸಂತನೇನಲ್ಲ, ಮಹಾ ಹಠಮಾರಿ. ಹಸ್ತಪ್ರತಿ ವಿಭಾಗದ ಮ್ಯಾಡನ್‌ಗೆ ಇವನ ಮುಖ ಕಂಡರಾಗುತ್ತಿರಲಿಲ್ಲ. ಕಾರ್ಲೈಲ್‌ನಂಥ ಹೆಸರಾಂತ ಲೇಖಕ ಓದೋಕೆ ಬೇರೆ ಕೋಣೆ ಕೇಳಿದಾಗಲೂ ಕೊಡಲಿಲ್ಲ. ಸರಿಯಾಗೇ ಮಾಡಿದ ಅಂತೀನಿ. 1857ರಲ್ಲಿ ಇವನ ಯೋಜನೆಯಂತೆ 140 ಅಡಿ ಅಗಲದ ಗುಮ್ಮಟದ ಕೆಳಗೆ ದುಂಡನೆಯ ವಾಚನಾಲಯ ತೆರೆಯಿತು. ಕಾರ್ಲ್ ಮಾರ್ಕ್ಸ್ ಕೂತು ಓದಿದ್ದು ಅಲ್ಲೇ.

ಸರ್ಕಾರಿ ಕುರ್ಚಿ ಸಿಕ್ಕಮೇಲೆ ತಣ್ಣಗಾದ ಅನ್ನೋರಿಗೆ ಇನ್ನೊಂದು ವಿಷಯ. ದಕ್ಷಿಣ ಇಟಲಿಯ ನೇಪಲ್ಸ್ ದೊರೆಯ ವಿರುದ್ಧ ನಿಂತ ಸೆಟ್ಟೆಂಬ್ರಿನಿ ಮತ್ತು ಸಂಗಡಿಗರು ಸಾಂತೊ ಸ್ತೆಫಾನೊ ದ್ವೀಪದ ಜೈಲಿನಲ್ಲಿದ್ದರು. ಅವರನ್ನು ಬಿಡಿಸಿಕೊಂಡು ಬರೋಕೆ 1855ರಲ್ಲಿ ಈ ಮನುಷ್ಯ ಮ್ಯೂಸಿಯಂ ಕೆಲಸದಲ್ಲಿದ್ದುಕೊಂಡೇ ದುಡ್ಡು ಒಟ್ಟುಮಾಡಿ ಹಡಗನ್ನು ಹೊಂದಿಸಿದ. ಹಡಗು ಇಂಗ್ಲೆಂಡಿನ ಕರಾವಳಿಯಲ್ಲೇ ಒಡೆದುಹೋಯಿತು. ನಾಲ್ಕು ವರ್ಷ ಬಿಟ್ಟು ದೊರೆಯೇ ಆ ಕೈದಿಗಳನ್ನು ಅಮೆರಿಕಕ್ಕೆ ಗಡೀಪಾರು ಮಾಡಿದಾಗ, ಸೆಟ್ಟೆಂಬ್ರಿನಿಯ ಮಗ ವೇಷ ಮರೆಸಿಕೊಂಡು ಕೈದಿಗಳಿದ್ದ ಹಡಗು ಹತ್ತಿ, ಅದನ್ನು ಐರ್ಲೆಂಡಿಗೆ ತಿರುಗಿಸಿಬಿಟ್ಟ.