ಹ್ಯಾಂಕ್ ಆರನ್ ತಿಂದ ತಟ್ಟೆ

ಅಟ್ಲಾಂಟಾದಲ್ಲಿ ಮಕ್ಕಳನ್ನು ಬೆಳೆಸುವ ಕನ್ನಡಿಗರ ಮನೆಗೆ ಬೇಸ್‌ಬಾಲ್ ಆಟಗಾರ ಹ್ಯಾಂಕ್ ಆರನ್ ಹೆಸರು ತಾನಾಗೇ ಬಂದು ಸೇರುತ್ತದೆ. 1974ರ ಏಪ್ರಿಲ್ 8ರಂದು ಇದೇ ಊರಲ್ಲಿ ಅವರು 715ನೇ ಹೋಮ್ ರನ್ (ನಮ್ಮ ಸಿಕ್ಸರ್ ಥರ ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ) ಹೊಡೆದು ಹಳೆಯ ಬಿಳಿಯ ಆಟಗಾರ ಬೇಬ್ ರೂತ್ ದಾಖಲೆ ಮುರಿದರು. ಆಟ ಬಿಡುವಾಗ ಲೆಕ್ಕ 755ಕ್ಕೆ ಬಂದಿತ್ತು. ಒಂದೇ ಒಂದು ಸೀಸನ್‌ನಲ್ಲೂ 50 ಮುಟ್ಟಿದವರಲ್ಲ. 23 ವರ್ಷ ಬಿಡದೆ ಹೊಡೆದರು, ಅಷ್ಟೇ. ಆ ಸ್ಟೇಡಿಯಂ ಈಗಿಲ್ಲ. 1997ರಲ್ಲಿ ಕೆಡವಿದರು. ಆದರೂ ಚೆಂಡು ಬೇಲಿ ದಾಟಿದ ಜಾಗವನ್ನು ಗುರುತಿಟ್ಟು ಉಳಿಸಿಕೊಂಡರು.

ನನಗೆ ಹಿಡಿಸಿದ್ದು ಬೇರೆ. ಇಲ್ಲಿ ಆರನ್ ಕಥೆ ಹೇಳುವವರು ಲೆಕ್ಕ ಒಪ್ಪಿಸಿ ಸುಮ್ಮನಾಗುವುದಿಲ್ಲ. ಕರಿಯನೊಬ್ಬ ರೂತ್‌ನನ್ನು ಮೀರಿಸಬಾರದು ಅಂತ ಬಂದ ಕೊಲೆ ಬೆದರಿಕೆಯ ಪತ್ರಗಳ ವಿಷಯವನ್ನೂ ಹೇಳುತ್ತಾರೆ. ಆರನ್ ಆ ಪತ್ರಗಳನ್ನು ಎಸೆಯದೆ ಇಟ್ಟುಕೊಂಡಿದ್ದರು. 1952ರಲ್ಲಿ, ಇನ್ನೂ ಹದಿನೆಂಟರ ಹುಡುಗ, ಕಪ್ಪು ಜನರ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡದ ಜೊತೆ ವಾಷಿಂಗ್ಟನ್‌ಗೆ ಹೋಗಿದ್ದರು. ಹೋಟೆಲಿನಲ್ಲಿ ತಿಂಡಿ ಮುಗಿಸಿದರು. ಒಳಗೆ ಅಡುಗೆಮನೆಯಲ್ಲಿ ತಟ್ಟೆ ಒಡೆಯುವ ಸದ್ದು. ಇವರು ತಿಂದ ತಟ್ಟೆಗಳೇ! ನಾಯಿ ತಿಂದಿದ್ದರೆ ತೊಳೆದು ಇಟ್ಟುಕೊಳ್ಳುತ್ತಿದ್ದರು ಎಂದು ಮುಂದೆ ಅವರೇ ಬರೆದರು.

ಇದನ್ನು ಓದಿದಾಗ ನನಗೆ ಪಾಲ್ವಂಕರ್ ಬಾಲೂ ನೆನಪಾದರು. ನಮ್ಮ ಧಾರವಾಡದಲ್ಲೇ ಹುಟ್ಟಿದವರು. ದಲಿತ, ಎಡಗೈ ಸ್ಪಿನ್ನರ್. ಪುಣೆಯಲ್ಲಿ ಹಿಂದೂಗಳ ತಂಡಕ್ಕೆ ಆಡುವಾಗ ಅವರು ಎಸೆದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾ ಹೊತ್ತಿಗೆ ಮಾತ್ರ ಅವರಿಗೆ ಪೆವಿಲಿಯನ್ ಹೊರಗೆ, ಬೇರೆ ಲೋಟ. ಕುಡಿದ ಮೇಲೆ ಬಿಸಾಡುವಂಥದ್ದು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಜಾಸ್ತಿ ವಿಕೆಟ್ ತೆಗೆದರು. ಆದರೂ ಹಿಂದೂಗಳ ತಂಡದ ನಾಯಕನ ಪಟ್ಟ ಕೊಡಲು ಜಾತಿ ಅಡ್ಡ ಬಂತು. ಕೊನೆಗೆ 1923ರಲ್ಲಿ ಅದು ಸಿಕ್ಕಿದ್ದು ಅವರ ತಮ್ಮ ವಿಠಲ್‌ಗೆ.

ದ್ರಾವಿಡ್ ರನ್ನು, ಕುಂಬ್ಳೆ ವಿಕೆಟ್ಟು ನಮಗೆಲ್ಲ ಬಾಯಿಪಾಠ. ಬಾಲೂ ಹೆಸರೆತ್ತಿದರೆ ಇಲ್ಲಿನ ನನ್ನ ಕನ್ನಡ ಗೆಳೆಯರಲ್ಲೇ ಎಷ್ಟೋ ಜನ ‘ಯಾರದು?’ ಅನ್ನುತ್ತಾರೆ. ಗೊತ್ತಿದ್ದವರೂ ‘ಹಳೇದನ್ನೆಲ್ಲ ಯಾಕೆ ಕೆದಕಬೇಕು’ ಅಂತ ಮಾತು ತಿರುಗಿಸುತ್ತಾರೆ. ಅಮೆರಿಕದಲ್ಲಿ ವರ್ಣಭೇದ ಅಳಿದುಹೋಗಿದೆ ಅಂತ ನಾನು ಹೇಳುತ್ತಿಲ್ಲ. ಖಂಡಿತ ಇಲ್ಲ. ಆದರೆ ಆರನ್‌ಗೆ ಆದ ಅವಮಾನವನ್ನು ಇಲ್ಲಿ ಮಕ್ಕಳೆದುರೇ ಹೇಳುತ್ತಾರೆ. ಹೇಳಿದ್ದಕ್ಕೆ ಅಟ್ಲಾಂಟಾದ ಮಾನವೇನೂ ಹೋಗಿಲ್ಲ ಅಲ್ವಾ?

ಧಾರವಾಡದ ಶಾಲೆಗಳಲ್ಲಿ ಬಾಲೂ ಪಾಠ ಇರಬೇಕು. ವಿಕೆಟ್‌ಗಳ ಜೊತೆಗೆ ಆ ಲೋಟದ ವಿಷಯವೂ ಅದರಲ್ಲಿ ಬರಬೇಕು.