ಡಿಕ್ಷನರಿಯ ‘ರಿ’ ಪುಟದಲ್ಲಿ ಕಾಸರಗೋಡು

ಇಂಗ್ಲಿಷ್ ಡಿಕ್ಷನರಿ ಪೂರ್ತಿ ಕಲಿಯಬೇಕಂತೇನಿಲ್ಲ ಮಾರಾಯ್ರೆ. ಕಾಸರಗೋಡಿನ ಕನ್ನಡಿಗನಿಗೆ ‘ರಿ’ಯಿಂದ ಶುರುವಾಗುವ ಪದಗಳು ಬಂದರೆ ಸಾಕು, ಆಯುಷ್ಯ ಕಳೆಯುತ್ತದೆ. ಲ್ಯಾಟಿನ್‌ನಿಂದ ಬಂದ ಈ ‘ರಿ’ಗೆ ಎರಡು ಅರ್ಥ: ‘ಮತ್ತೆ’, ‘ಹಿಂದಕ್ಕೆ’. ನಮ್ಮ ಆಫೀಸುಗಳ ಕೆಲಸವೂ ಎರಡೇ ಅಲ್ವಾ? ಮತ್ತೆ ಬನ್ನಿ ಅನ್ನುವುದು, ಹಿಂದಕ್ಕೆ ಕಳಿಸುವುದು.

ಮೊದಲು ಬಂದದ್ದು ರಿಆರ್ಗನೈಸೇಶನ್, 1956ರ ನವೆಂಬರ್ 1ಕ್ಕೆ. ಮದ್ರಾಸ್ ರಾಜ್ಯದಲ್ಲಿ ಮಲಗಿದವರು ಅದೇ ಚಾಪೆಯ ಮೇಲೆ ಕೇರಳದಲ್ಲಿ ಎದ್ದರು. ಆಮೇಲೆ ರಿಪೋರ್ಟ್. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಅಂತ ಗಡಿ ತಕರಾರು ನೋಡಲು ಬಂದ ಮಹಾಜನ ಆಯೋಗ 1967ರಲ್ಲಿ ರಿಕಮೆಂಡ್ ಮಾಡಿತು. ಹೊಳೆ ಹರಿಯುತ್ತಲೇ ಇದೆ. ರಿಪೋರ್ಟ್ ಕೂತಲ್ಲೇ ಕೂತಿದೆ.

ಅದು ದೊಡ್ಡವರ ವಿಷಯ, ಬಿಡಿ. ವಿಲೇಜ್ ಆಫೀಸಿಗೆ ಬರೋಣ.

ಕೇರಳದಲ್ಲಿ 2022ರಲ್ಲಿ ಡಿಜಿಟಲ್ ರಿಸರ್ವೆ, ಅಂದರೆ ಜಾಗದ ಮರು ಅಳತೆ, ಶುರುವಾಯಿತು. ನಮ್ಮೂರಿನ ಒಬ್ಬ ಅಜ್ಜನ ಅಡಿಕೆ ತೋಟದ ಮೂಲೆಯೊಂದು ಅದರಲ್ಲಿ ಪಕ್ಕದವರ ಹೆಸರಿಗೆ ಹೋಗಿ ಕೂತಿತು. ಅಜ್ಜ ಕನ್ನಡದಲ್ಲಿ ಅರ್ಜಿ ಬರೆದು, ತೀರ್ವೆ (ಭೂಕಂದಾಯ) ರಶೀದಿಗೆ ಪಿನ್ ಹೊಡೆದು ಕೊಟ್ಟರು. ಕೌಂಟರಿನವರು ಕಾಗದ ತಿರುಗಿಸಿ, ಹಿಂದೆಯಾದರೂ ಮಲಯಾಳ ಉಂಟಾ ಅಂತ ನೋಡಿದರು. ಇರಲಿಲ್ಲ.

‘ಕನ್ನಡದಲ್ಲಿ ಕೊಡಬಹುದು ಅಂತ ಕಾನೂನು ಉಂಟಲ್ಲ ಸಾರ್?’

‘ಉಂಡ್, ಉಂಡ್’ ಅಂದರು ಸಾರ್.

ಉಂಟು, ನಿಜ. ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಕೊಡಬೇಕು ಅನ್ನುತ್ತದೆ ಕೇರಳದ 1969ರ ಕಾಯ್ದೆ. ಉತ್ತರವೂ ಸಿಕ್ಕಿತು. ರಿಪ್ಲೈ ಪದದ ಮೂಲ ಅರ್ಥ ‘ಹಿಂದಕ್ಕೆ ಮಡಚು’. ಜಗತ್ತೆಲ್ಲ ಮರೆತ ಆ ಅರ್ಥವನ್ನು ನಮ್ಮ ಆಫೀಸು ಕಾಪಾಡಿಕೊಂಡು ಬಂದಿದೆ. ಅರ್ಜಿಯನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ಅಜ್ಜನ ಕೈಗೇ ಕೊಟ್ಟರು. ಸಂವಿಧಾನದ 350ನೇ ವಿಧಿಯೂ ನಮ್ಮ ಕಡೆಗೇ ಇದೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ದೂರು ಕೊಡಬಹುದು. ಓದಲೇಬೇಕು ಅಂತ ಎಲ್ಲೂ ಬರೆದಿಲ್ಲ ನೋಡಿ.

ಹಳೇ ದಾಖಲೆ ನೋಡಿ ಅಂದರೆ ರೆಕಾರ್ಡ್ ರೂಮಿಗೆ ಬೀಗ. ರೆಕಾರ್ಡ್ ಅಂದರೆ ‘ಮತ್ತೆ ಹೃದಯಕ್ಕೆ ತಂದುಕೋ’ ಅಂತಂತೆ ಮೂಲದಲ್ಲಿ. ಹೃದಯದ ಕೀ ಇಟ್ಟುಕೊಂಡವರು ಲೀವಲ್ಲಿದ್ದರು.

ಸುಮ್ನೆ ಯಾಕೆ ಗಲಾಟೆ ಅಂತ ಅಜ್ಜ ಸರ್ಕಾರಿ ಅರ್ಜಿಗಳನ್ನು ಆನ್‌ಲೈನ್ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಮಲಯಾಳದಲ್ಲೇ ಬರೆಸಿದರು. ಟೈಪ್ ಮಾಡುವ ಹುಡುಗನ ಕೈಯಲ್ಲಿ ಅಜ್ಜನ ಮನೆ ಹೆಸರು ‘ಹೊಸಮನೆ’ ಹೋಗಿ ‘ಹೊಸಮನ’ ಆಯಿತು. ಈ ಸಲ ಅರ್ಜಿಯನ್ನು ಓದಿದರು, ಭಾರಿ ಗಮನವಿಟ್ಟು. ರಿಮಾರ್ಕ್ಸ್ ಕಾಲಮ್ಮಿನಲ್ಲಿ ಕೆಂಪು ಶಾಯಿಯಲ್ಲಿ ಬಿತ್ತು: ಜಾಗದ ಆಧಾರಪತ್ರದ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆಯಿಲ್ಲ. ರಿಜೆಕ್ಟೆಡ್. ರಿಸಬ್ಮಿಟ್.

‘ಇನ್ನು ಯಾವಾಗ ಬರಲಿ?’

‘ನಾಳೆ ವರೂ.’

ಈ ‘ನಾಳೆ’ ಕನ್ನಡದಲ್ಲೂ ನಾಳೆ, ಮಲಯಾಳದಲ್ಲೂ ನಾಳೆ. ಭಾಷೆಯ ತಕರಾರಿಲ್ಲದೆ ಅಲ್ಲಿ ನಡೆಯುವ ಕೆಲಸ ಇದೊಂದೇ. ಇದಕ್ಕೆ ಮಾತ್ರ ಇಷ್ಟು ವರ್ಷದಲ್ಲಿ ಯಾರೂ ಟ್ರಾನ್ಸ್‌ಲೇಟರನ್ನು ಕೇಳಿದ್ದಿಲ್ಲ.